ಒಡೆಯದ 1151

ಜವಾದ್,

ಇದನ್ನು ನಿನಗೆ ಕಳಿಸುವುದಿಲ್ಲ. ನಿನ್ನಮ್ಮ ಫೆಸ್ ಊರೆಲ್ಲ "ಪಾಪ, ಬತೂಲ್ ಕುಗ್ಗಿಹೋದ್ಳು" ಎಂದು ಹೇಳಿಕೊಂಡು ತಿರುಗುತ್ತಿದ್ದಾರೆ. ಹೇಳಲಿ.

ಇವತ್ತು ನಮ್ಮ ನಿಶ್ಚಿತಾರ್ಥಕ್ಕೆ ನನ್ನ ಕೊರಳಿಗೆ ಹಾಕಿದ ಬೆಳ್ಳಿ ಬಿಲ್ಲೆಯನ್ನು ಅದನ್ನು ಕೆತ್ತಿದ ಅಲ್ಲಾಲ್ ಉಸ್ತಾದರ ಮುಂದಿಟ್ಟೆ. ನಿನ್ನ ಬಿಲ್ಲೆಯ ಮೇಲೆ 17296, ನನ್ನದರ ಮೇಲೆ 18416. ಒಂದನ್ನು ಶೇಷವಿಲ್ಲದೆ ಭಾಗಿಸುವ, ಅದಕ್ಕಿಂತ ಚಿಕ್ಕ ಸಂಖ್ಯೆಗಳನ್ನೆಲ್ಲ ಕೂಡಿದರೆ ಇನ್ನೊಂದು ಬರುತ್ತದೆ. ಅದಕ್ಕೇ ಅವು ಪ್ರೇಮಿಗಳ ಸಂಖ್ಯೆಗಳು.

"ಇದನ್ನ ಅಳಿಸಿಕೊಡಿ," ಎಂದೆ.

"ಜೋಡಿಯಾಗಿ ಕೆತ್ತಿದ್ದು ಕಣಮ್ಮಾ. ಅಳಿಸೋದಾದ್ರೆ ಎರಡನ್ನೂ ಒಟ್ಟಿಗೇ. ಅವನನ್ನೂ ಕರ್ಕೊಂಡು ಬಾ."

"ಅವನು ಬೇರೆಯವಳನ್ನ ಕಟ್ಕೊಂಡು ಮಾರ್ಸೇಲ್‌ನಲ್ಲಿದಾನೆ."

"ಹಾಗಾದ್ರೆ ಹಾಕ್ಕೊಂಡೇ ಇರು," ಎಂದು ಪುದೀನ ಚಹಾ ಹೀರಿದರು.

ನನಗೆ ರೇಗಿತು. ಅವರ ಸೀಮೆಸುಣ್ಣ ಕಿತ್ತುಕೊಂಡು, ಅಲ್ಲೇ ಇದ್ದ ತಾಮ್ರದ ತಟ್ಟೆಯ ಮೇಲೆ ನನ್ನ ಸಂಖ್ಯೆಯನ್ನು ಅರ್ಧ ಮಾಡುತ್ತಾ ಹೋದೆ. ನಾಲ್ಕು ಸಲ ಅರ್ಧವಾಗಿ 1151ಕ್ಕೆ ಬಂತು. ಆಮೇಲೆ ಯಾವುದರಿಂದ ಭಾಗಿಸಿದರೂ ಅದು ಒಡೆಯಲಿಲ್ಲ. ನಿನ್ನದು ನಾಲ್ಕು ಸಲ ಅರ್ಧವಾಗಿ 1081 ಆಯಿತು. ನೋಡಲು ಅದೂ ಗಟ್ಟಿಯೇ, ಆದರೆ ಇಪ್ಪತ್ತಮೂರರಿಂದ ಭಾಗಿಸಿದ ಕೂಡಲೇ ನಲವತ್ತೇಳರ ತುಂಡುಗಳಾಗಿ ಬಿದ್ದುಹೋಯಿತು.

"ಬಿಲ್ಲೆ ಹಿಂದುಗಡೆ 1151 ಅಂತ ಕೆತ್ತಿ ಉಸ್ತಾದರೇ. ಇದಕ್ಕೆ ಜೋಡಿ ಬೇಡ."

ಅವರು ತಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಗಟ್ಟಿಗಿತ್ತಿ ಕಣೇ ನೀನು," ಎಂದು ಉಳಿ ಎತ್ತಿಕೊಂಡರು. "ಅದ್ಸರಿ, ನಿನ್ನ ಲೆಕ್ಕ ಒಂದೇ ಸಲ ಮಾಡಿದೀಯ. ಅವನದನ್ನ ಯಾಕೆ ಮೂರು ಸಲ ಮಾಡಿದೀಯ?"

ಸೀಮೆಸುಣ್ಣ ಸರಿಯಿರಲಿಲ್ಲ ಎಂದೆ.

ಬತೂಲ್