ಹಿಂದಿನ ಸೀಟಿನ ಸುದ್ದಿ

ಮಾರ್ಚ್ ೧೪, ಶನಿವಾರ

ನಮ್ಮ ದೊಡ್ಡ ಕಾರಿನ ಕೊನೆಯ ಸಾಲಿಗೆ ಅಂತೂ ಎರಡು ಸ್ಪೀಕರ್ ಕೂತವು. ಅಲ್ಲಿ ಏನೂ ಕೇಳಿಸುವುದಿಲ್ಲ ಎಂದು ವರ್ಷವಿಡೀ ಇವರ ತಲೆ ತಿಂದವಳು ನಾನೇ. "ಹಿಂದೆ ಕೂತು ಒಂದ್ಸಲ ಕೇಳಿ ನೋಡಿ ಮೇಡಂ" ಎಂದ ಮೆಕ್ಯಾನಿಕ್. ಕೂತೆ. ವಾರ್ತೆ ಓದುವವಳ ಉಸಿರೂ ಕೇಳಿಸಿತು. ಖುಷಿಯಾಗಬೇಕಿತ್ತು, ಅಣ್ಣ ನೆನಪಾದ.

ಅಪ್ಪನ ಹಳೇ ವ್ಯಾನಿನಲ್ಲಿ ರೇಡಿಯೋ ಮುಂದೆ ಮಾತ್ರ. ನಾನು ಕಟ್ಟಕಡೆಗೆ, ಸ್ಟೆಪ್ನಿಯ ಪಕ್ಕ. ನಡುವೆ ಕೂತ ಅಣ್ಣನ ಕಾಲರ್ ಜಗ್ಗಿ "ಏನಂತೋ?" ಎನ್ನುತ್ತಿದ್ದೆ. ಒಮ್ಮೆ ಗಂಭೀರವಾಗಿ ತಿರುಗಿ, "ಸರ್ಕಸ್ಸಿನ ಆನೆ ತಪ್ಪಿಸ್ಕೊಂಡು ನಿಮ್ ಶಾಲೇಲಿ ಮಲಗಿದ್ಯಂತೆ. ಸೋಮವಾರ ರಜಾ" ಎಂದ. ಸೋಮವಾರ ಯೂನಿಫಾರ್ಮ್ ಹಾಕಲ್ಲ ಎಂದು ಹಟ ಹಿಡಿದು ಅಮ್ಮನಿಂದ ಬೈಸಿಕೊಂಡೆ. ಮುಂದಿನ ಸಲವೂ ನಂಬಿದೆ.

ಅವನು ತೀರಿಕೊಂಡು ಆರು ವರ್ಷ. ಅಂದಿನಿಂದ ವಾರ್ತೆಯಲ್ಲಿ ಬರೀ ವಾರ್ತೆ.

ಸಂಜೆ ಎಲ್ಲರೂ ಹೊರಟಾಗ ಹಟ ಮಾಡಿ ನಾನೇ ಹಿಂದೆ ಕೂತೆ. ಸುದ್ದಿ ಶುರುವಾದದ್ದೇ, ನಡುವಿನ ಸೀಟಿನಲ್ಲಿದ್ದ ಮಗಳ ಜಡೆ ಮೆಲ್ಲಗೆ ಜಗ್ಗಿ, "ಏನಂತೇ?" ಎಂದೆ.

"ಕೇಳಿಸ್ಲಿಲ್ವಾ ಅಮ್ಮಾ?"

"ಇಲ್ಲ."

ನನ್ನ ಕಿವಿಯ ಪಕ್ಕದ ಹೊಸ ಸ್ಪೀಕರನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿದಳು.

"ನಾಳೆ ಮಳೆಯಂತೆ" ಎಂದಳು.

ಪಾಪ, ಇದ್ದದ್ದನ್ನು ಇದ್ದ ಹಾಗೇ ಹೇಳಿಬಿಟ್ಟಳು.