ಆಲಳ್ಳಿ ಲೈನ್ ಕ್ಲಿಯರ್

ಗುಂಡ್ಲುಪೇಟೆ
೧೫-೩-೨೦೦೯, ಭಾನುವಾರ

ಪ್ರೀತಿಯ ತಮ್ಮ ಸ್ವಾಮಿಗೆ,

ಅಕ್ಕ ಶಿವರುದ್ರಮ್ಮನ ಆಶೀರ್ವಾದ. ನಿನ್ನ ಬೆನ್ನು ನೋವು ಹೇಗಿದೆ? ಕೂತಲ್ಲೇ ಕೂತು ಕಂಪ್ಯೂಟರ್ ನೋಡಬೇಡ, ಗಂಟೆಗೊಂದು ಸಲ ಎದ್ದು ಓಡಾಡು ಅಂತ ಹೇಳಿದ್ದೆ, ಓಡಾಡುತ್ತಿದ್ದೀಯೋ ಇಲ್ಲವೋ. ಚಂದ್ರಮತಿಗೆ ಪುಣೆಯ ನೀರು ಒಗ್ಗಿತಾ? ಅವಳಿಗೆ ಹುರುಳಿಕಾಳು ಕಟ್ಟಿಟ್ಟಿದ್ದೇನೆ, ಆ ಕಡೆ ಬರುವವರು ಯಾರಾದರೂ ಸಿಕ್ಕರೆ ಕಳಿಸುತ್ತೇನೆ. ಅವ್ವ ಹರದನಹಳ್ಳಿಯಿಂದ ಬಂದು ತಿಂಗಳಾಯಿತು, ಇಲ್ಲೇ ಇದ್ದಾಳೆ. ಮಂಡಿ ನೋವು ಅನ್ನುವುದು ಬಿಟ್ಟರೆ ಗಟ್ಟಿಯಾಗಿದ್ದಾಳೆ, ಬಾಯಿಗಂತೂ ಬಿಡುವಿಲ್ಲ. ರಮ್ಯಳಿಗೆ ಪಿ.ಯು. ಪರೀಕ್ಷೆ. ನಾನು ಎಂದಿನಂತೆ ಅಂಗನವಾಡಿ, ಮನೆ, ಅಂಗನವಾಡಿ.

ಫೋನಿರುವಾಗ ಅಕ್ಕ ಯಾಕೆ ಕಾಗದ ಬರೆದಳು ಅಂತ ಅಂದುಕೊಳ್ಳುತ್ತೀಯ. ಮೂರು ಸಲ ಮಾಡಿದೆನಪ್ಪ. ಮೂರು ಸಲವೂ "ಮೀಟಿಂಗಲ್ಲಿದ್ದೀನಿ ಅಕ್ಕ" ಅಂತ ಇಟ್ಟುಬಿಟ್ಟೆ. ಕಾಗದವನ್ನು ಹಾಗೆ ಇಡಲಾಗುವುದಿಲ್ಲ, ಕೊನೆಯ ತನಕ ಓದಲೇಬೇಕು. ಓದು. ಶುಕ್ರವಾರ ನಿನ್ನ ಭಾವನಿಗೆ ಆಫೀಸಿನಿಂದ ನೋಟಿಸು ಬಂದಿದೆ. ಇಪ್ಪತ್ತೊಂಬತ್ತು ವರ್ಷ ಈ ತಾಲ್ಲೂಕಿನ ಕಂಬ ಹತ್ತಿ ಇಳಿದ ಲೈನ್‌ಮನ್ ಗುರುಸಿದ್ದಯ್ಯನವರ ಮೇಲೆ ಹೊರಿಸಿರುವ ಆರೋಪ ಏನು ಗೊತ್ತಾ? ಕುಡಿದು ಬಂದರು ಅಂತಲ್ಲ, ಕದ್ದರು ಅಂತಲ್ಲ. "ಉಚ್ಚಾರಣಾ ದೋಷ." ಓದಿದಾಗ ಮೊದಲು ನಗು ಬಂತು, ಆಮೇಲೆ ಮೈಯೆಲ್ಲ ಉರಿದುಹೋಯಿತು. ಆ ಉರಿ ಇನ್ನೂ ಇಳಿದಿಲ್ಲ, ಅದಕ್ಕೇ ಅಕ್ಷರ ಹೀಗೆ ಸೊಟ್ಟಗಿದೆ.

ಲೈನ್ ಕ್ಲಿಯರ್ ಅಂದರೆ ಏನು ಅಂತ ನಿನಗೆ ಹೇಳಬೇಕಾಗಿಲ್ಲ. ಆದರೂ ಹೇಳುತ್ತೇನೆ, ಯಾಕೆಂದರೆ ನೀವೆಲ್ಲ ಅದನ್ನು ಮರೆತ ಹಾಗೆ ಕಾಣುತ್ತದೆ. ಕಂಬ ಹತ್ತುವವನು ಫೋನು ಮಾಡಿ, ಇಂಥ ಲೈನಿನ ಕರೆಂಟು ತೆಗೆಯಿರಿ ಅಂತ ಕೇಳುತ್ತಾನೆ. ಆ ಕಡೆಯವನು ತೆಗೆದು, ತೆಗೆದಿದ್ದೇನೆ ಅಂತ ಒಂದು ನಂಬರು ಕೊಡುತ್ತಾನೆ. ಆ ನಂಬರು ಬರೆದುಕೊಂಡ ಮೇಲೆ ಇವನು ತಂತಿಗೆ ಕೈ ಹಾಕುತ್ತಾನೆ. ಒಬ್ಬನ ಪ್ರಾಣ ಇನ್ನೊಬ್ಬನ ಕಿವಿಯ ಮೇಲೆ ನಿಂತಿರುತ್ತದೆ. ಇಷ್ಟು ವರ್ಷ ಆ ಕಿವಿ ನಮ್ಮ ಸಬ್‌ಸ್ಟೇಷನ್ನಿನ ಮರಿಮಲ್ಲಪ್ಪನವರದು. ಭಾವ "ಆಲಳ್ಳಿ" ಅಂದರೆ ಸಾಕು, "ಯಾವ್ದಲಾ, ಬೆಟ್ಟದಾಲಳ್ಳಿಯಾ ಕೆರೆಯಾಲಳ್ಳಿಯಾ?" ಅಂತ ಕೇಳಿಯೇ ಕೈ ಹಾಕುತ್ತಿದ್ದರು. ಗೋಪಾಲಸ್ವಾಮಿ ಬೆಟ್ಟದ ಕಡೆ ಇರುವುದು ಹಾಲಹಳ್ಳಿ, ಕೆರೆ ಏರಿಯ ಪಕ್ಕದ್ದು ಆಲಹಳ್ಳಿ. ಕಾಗದದಲ್ಲಿ ಎರಡು, ನಮ್ಮ ಬಾಯಲ್ಲಿ ಎರಡೂ ಆಲಳ್ಳಿಯೇ. ಇದು ಇಲ್ಲಿನ ಎಮ್ಮೆ ಕಾಯುವವನಿಗೂ ಗೊತ್ತು. ಈಗ ಮರಿಮಲ್ಲಪ್ಪ ನಿವೃತ್ತರಾದರು, ಸಬ್‌ಸ್ಟೇಷನ್ನಿಗೆ ನಿಮ್ಮ ಕಂಪನಿಯ ಹೊಸ ಯಂತ್ರ ಬಂತು, ಕರೆಂಟು ತೆಗೆಯುವುದು ಹಾಕುವುದು ಎಲ್ಲ ಮೈಸೂರಿನ ಕಂಟ್ರೋಲ್ ರೂಮಿನಿಂದ.

ಶಿವರಾತ್ರಿಯ ಮಾರನೆ ದಿನ, ಬೆಳಿಗ್ಗೆ ಹನ್ನೊಂದರ ಹೊತ್ತು. ಬೆಟ್ಟದಾಲಳ್ಳಿ ಲೈನಿನ ಮೇಲೆ ಹುಣಸೆ ಕೊಂಬೆ ಮುರಿದು ಬಿದ್ದಿತ್ತು. ಭಾವ ಮೈಸೂರಿಗೆ ಫೋನು ಮಾಡಿ, "ಆಲಳ್ಳಿ ಲೈನ್ ಕ್ಲಿಯರ್ ಕೊಡಿ ಸಾ" ಅಂದರು. ಯಾಕೋ ಅನುಮಾನ ಬಂದು "ಬೆಟ್ಟದಾಲಳ್ಳಿ ಅಲ್ವಾ ಸಾ?" ಅಂತ ಕೇಳಿಯೂ ಕೇಳಿದರು. ಆ ಕಡೆ ಇದ್ದವರು ಬೀದರಿನ ಕಡೆಯವರಂತೆ, "ಬೆಟ್ಟದ್ದು ಅಂತ ಸ್ಕ್ರೀನ್ ಮ್ಯಾಗ ಇಲ್ರೀ, ಆಲಹಳ್ಳಿ ಅಂತ ಅದ" ಅಂದರು. ಭಾವನ ಕಿವಿಗೆ ಎರಡೂ ಒಂದೇ ಅಲ್ಲವೇ, "ಅದೇಯ ಸಾ" ಅಂದರು. ಅವರು ಕೆರೆಯಾಲಳ್ಳಿಯ ಕರೆಂಟು ತೆಗೆದು ನಂಬರು ಕೊಟ್ಟರು. ಅವರನ್ನೂ ನಾನು ಬೈಯುವುದಿಲ್ಲ, ಅವರಿಗೆ ಹೇಗೆ ಗೊತ್ತಾಗಬೇಕು?

ಭಾವನಿಗೆ ಒಂದು ಅಭ್ಯಾಸ ಇದೆಯಲ್ಲ, ಯಾರು ನಂಬರು ಕೊಟ್ಟರೂ, ಬ್ರಹ್ಮನೇ ಕೊಟ್ಟರೂ, ಮೊದಲು ನೆಲಕ್ಕೆ ತಂತಿ ಕಟ್ಟಿದ ಅರ್ತ್ ರಾಡನ್ನು ಲೈನಿಗೆ ತಾಗಿಸದೆ ಕಂಬಕ್ಕೆ ಕಾಲಿಡುವುದಿಲ್ಲ. ಅವತ್ತು ರಾಡು ಹಿಡಿದವನು ಜೊತೆಗಾರ ಮಾದಣ್ಣ. ತಾಗಿಸಿದ್ದೇ ತಡ, ಢಂ ಅಂತ ಬೆಂಕಿ. ಮಾದಣ್ಣನ ಬಲಗೈ ಮೊಣಕೈವರೆಗೆ ಸುಟ್ಟಿತು. ಆಸ್ಪತ್ರೆಗೆ ಹೋಗಿ ನೋಡಿಕೊಂಡು ಬಂದೆ. ಬೆರಳು ಆಡುತ್ತಿವೆ, ಜೀವಕ್ಕೆ ಭಯವಿಲ್ಲ. "ರಾಡ್ ತಾಗಿಸ್ದೆ ಅತ್ಬುಟ್ಟಿದ್ರೆ ಅಣ್ಣ ಅಲ್ಲೇ ಓಗ್ಬುಡೋನು ಕಣಕ್ಕ" ಅಂತ ಅವನೇ ನನಗೆ ಸಮಾಧಾನ ಹೇಳಿದ. ಸುಟ್ಟ ಕೈ ಇಟ್ಟುಕೊಂಡು ಅವನು ನನಗೆ ಸಮಾಧಾನ ಹೇಳುತ್ತಾನಲ್ಲ ಶಿವನೇ, ಅಲ್ಲೇ ಅತ್ತುಬಿಟ್ಟೆ.

ಆಮೇಲೆ ವಿಚಾರಣೆ. ಫೋನಿನ ಮಾತೆಲ್ಲ ರೆಕಾರ್ಡಾಗಿತ್ತಂತೆ. ಸಾಹೇಬರು ಅದನ್ನು ಮೂರು ಸಲ ಹಾಕಿ ಕೇಳಿಸಿ, "ನೋಡಿ, ಮೊದಲನೆ ಅಕ್ಷರ ‘ಆ’. ‘ಹಾ’ ಅಲ್ಲ. ನೀವೇ ಹೇಳಿದ್ದು" ಅಂದರಂತೆ. ಬೆಟ್ಟದಾಲಳ್ಳಿ ಅಂತ ಕೇಳಿದ್ದೂ ಅದೇ ಟೇಪಿನಲ್ಲಿದೆ, ಅದನ್ನು ಕೇಳಲು ಅವರಿಗೆ ಕಿವಿ ಇಲ್ಲ. ಈಗ ಒಂದು ಹೇಳಿಕೆ ಟೈಪು ಮಾಡಿ ಕಳಿಸಿದ್ದಾರೆ: ನನ್ನ ತಪ್ಪು ಉಚ್ಚಾರಣೆಯಿಂದಲೇ ಮಾದಣ್ಣನಿಗೆ ಗಾಯವಾಯಿತು ಅಂತ. ಇಪ್ಪತ್ತೈದನೇ ತಾರೀಕಿನೊಳಗೆ ಸಹಿ ಹಾಕಿದರೆ ಬರೀ ಎಚ್ಚರಿಕೆ ಕೊಟ್ಟು ಬಿಡುತ್ತಾರಂತೆ. ಹಾಕಿಬಿಟ್ಟರೆ ಮುಗಿಯಿತಲ್ಲ ಅಂತ ಆಫೀಸಿನವರೆಲ್ಲ ಉಪದೇಶ ಮಾಡುತ್ತಾರೆ. ಮುಗಿಯುವುದು ಹೇಗೆ? ಮಾದಣ್ಣನ ಕೈ ಸುಟ್ಟವರು ಗುರುಸಿದ್ದಯ್ಯ ಅಂತ ಕಾಗದದಲ್ಲಿ ಉಳಿಯುತ್ತದೆ. ಸ್ಕ್ರೀನಿನಲ್ಲಿ ಆ ಎರಡು ಹೆಸರು ಹಾಗೇ ಉಳಿಯುತ್ತವೆ. ನಾಳೆ ಇನ್ನೊಬ್ಬ "ಆಲಳ್ಳಿ" ಅನ್ನುತ್ತಾನೆ.

ಕಳೆದ ದೀಪಾವಳಿಗೆ ಬಂದವನು ನಮ್ಮ ಜಗಲಿ ಮೇಲೆ ಕೂತು ಎಂಥ ಭಾಷಣ ಮಾಡಿದೆ! ಇನ್ನು ಹತ್ತು ವರ್ಷಕ್ಕೆ ಲೈನುಗಳೇ ತಮ್ಮ ಕೆಟ್ಟ ಜಾಗ ತಾವೇ ಕಂಡುಹಿಡಿದು ಬೇರೆ ದಾರಿಯಲ್ಲಿ ಕರೆಂಟು ಹರಿಸುತ್ತವೆ, ಮನೆಮನೆ ಸೂರಿನ ಬಿಸಿಲಿನಿಂದ ಕರೆಂಟು ವಾಪಸು ಲೈನಿಗೆ ಹೋಗುತ್ತದೆ, ಮೀಟರುಗಳು ತಾವೇ ಲೆಕ್ಕ ಒಪ್ಪಿಸುತ್ತವೆ, ಬದನಗುಪ್ಪೆಗೆ ಎಷ್ಟು ಕಾರ್ಖಾನೆ ಬಂದರೂ ಹಳ್ಳಿಗೆ ಕತ್ತಲೆಯಿಲ್ಲ ಅಂತ. ಭಾವ ಬಾಯಿ ಬಿಟ್ಟುಕೊಂಡು ಕೇಳಿದರು. ಓದುವಾಗ ನಿನ್ನನ್ನು ಸೈಕಲ್ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಸಬ್‌ಸ್ಟೇಷನ್ ತೋರಿಸಿದ್ದು ಅವರೇ ಅಲ್ಲವೇ. ನೀನು ಹೇಳಿದ್ದೆಲ್ಲ ಬರಲಿ, ನಾನು ಬೇಡ ಅನ್ನುವವಳಲ್ಲ. ಕತ್ತಲೆ ಯಾರಿಗೆ ಬೇಕು? ಆದರೆ ಲೈನೇ ಯೋಚನೆ ಮಾಡುತ್ತದೆ ಅಂದವರು ಯಂತ್ರಕ್ಕೆ ಲೈನುಗಳ ಹೆಸರು ತುಂಬುವ ದಿನ ಒಂದು ಗಳಿಗೆ ಯೋಚನೆ ಮಾಡಬಾರದಿತ್ತೇ? ಪಟ್ಟಿ ಮಾಡುವಾಗ ಮರಿಮಲ್ಲಪ್ಪನವರನ್ನು ಯಾರಾದರೂ ಒಂದು ಮಾತು ಕೇಳಿದಿರಾ? ಎರಡು ಮೈಲಿ ದೂರದ ಮನೆಯಲ್ಲಿ ಸುಮ್ಮನೆ ಕೂತಿದ್ದಾರೆ ಪಾಪ, ಟೀ ಕೊಟ್ಟು ಹೇಳಿ ಕಳಿಸುತ್ತಿದ್ದರು.

ಬೇರೆಯವರಿಗೆ ಗೊತ್ತಿಲ್ಲ ಅಂದರೆ ಒಪ್ಪುತ್ತೇನೆ. ನಿಮ್ಮ ಕಂಪನಿಯಲ್ಲಿ ನೀನಿದ್ದೆಯಲ್ಲೋ! ಹದಿನೆಂಟು ವರ್ಷದ ತನಕ "ಅವ್ವಾ, ಅಸು ಆಲು ಕರೀತಾ?" ಅನ್ನುತ್ತಿದ್ದವನು ನೀನು. ಅಂಗನವಾಡಿಯಲ್ಲಿ ದಿನಾ "ಹ" ತಿದ್ದಿಸುವ ನಾನೇ ಮನೆಗೆ ಬಂದರೆ "ಓಗು, ಒತ್ತಾಯ್ತು" ಅನ್ನುತ್ತೇನೆ. ಅದು ದೋಷವೇನೋ? ಅದು ನಮ್ಮ ಮಾತು.

ಈಗ ಮನೆಯಲ್ಲಿ ನಡೆಯುತ್ತಿರುವುದನ್ನು ಕೇಳು. ನೋಟಿಸು ಬಂದ ಸಂಜೆಯಿಂದ ನಿನ್ನ ಭಾವ ರಮ್ಯಳ ಹಳೇ ಒಂದನೇ ತರಗತಿ ಪುಸ್ತಕ ಹುಡುಕಿಕೊಂಡು, ಕನ್ನಡಿ ಮುಂದೆ ನಿಂತು "ಹಸು, ಹಗ್ಗ, ಹಾಲು" ಅಂತ ಓದುತ್ತಿದ್ದಾರೆ. ಐವತ್ತೆರಡು ವರ್ಷದ ಗಂಡಸು! ಮೊದಲ ದಿನ ಅವ್ವ, "ಏನ್ ಗುರುಸಿದ್ದಯ್ಯ, ಇಸ್ಕೂಲ್ ಸೇರ್ಕಂಡ್ಯಾ?" ಅಂತ ನಕ್ಕಳು. ಈಗ ಅವಳೂ ನಗುವುದಿಲ್ಲ. ಯಾಕೆಂದರೆ ನಾಲಿಗೆಗೆ ಭಯ ಹತ್ತಿಬಿಟ್ಟಿದೆ. ಎಲ್ಲಿ ಹಾ ಬೇಕು ಎಲ್ಲಿ ಬೇಡ ಅಂತ ತಿಳಿಯದೆ ಎಲ್ಲದಕ್ಕೂ ಸೇರಿಸುತ್ತಾರೆ. ಅಂಗಡಿಗೆ ಹಂಗಡಿ, ಆಲೂಗಡ್ಡೆಗೆ ಹಾಲೂಗಡ್ಡೆ. ನೆನ್ನೆ ಕೆರೆಯಾಲಳ್ಳಿಯಲ್ಲಿ ಕೆಲಸ ಇತ್ತು. ಲೈನ್ ಕ್ಲಿಯರ್ ಕೇಳುವ ಮೊದಲು ಹೆಸರನ್ನು ಬಾಯಲ್ಲೇ ಹೇಳಿಕೊಂಡು ನೋಡಿದರಂತೆ. "ಹಾಲಹಳ್ಳಿ" ಅಂತ ಬಂತಂತೆ. ಸ್ವಚ್ಛವಾಗಿ, ಸಾಹೇಬರು ಮೆಚ್ಚುವ ಹಾಗೆ. ಅದನ್ನೇ ಫೋನಿನಲ್ಲಿ ಅಂದಿದ್ದರೆ ಏನಾಗುತ್ತಿತ್ತು, ನೀನೇ ಇಂಜಿನಿಯರು, ಹೇಳು. ಅಲ್ಲಿಂದ ಹಾಗೇ ಮನೆಗೆ ಬಂದು ಸೊಂಟದ ಬೆಲ್ಟು ಬಿಚ್ಚಿ ಮೊಳೆಗೆ ಹಾಕಿ ಕೂತರು. "ನನ್ ಬಾಯ್ ಮ್ಯಾಲೆ ನಂಗೇ ನಂಬ್ಕೆ ಓಯ್ತು ಕಣಮ್ಮಿ, ಇನ್ ಕಂಬ ಅತ್ತಾಕಿಲ್ಲ" ಅಂದರು. ಈ ಮನುಷ್ಯ ಮಳೆಗೆ ಹೆದರಿದವರಲ್ಲ, ಬಂಡೀಪುರದ ರಸ್ತೆಯಲ್ಲಿ ಆನೆ ಅಡ್ಡ ನಿಂತಾಗ ಹೆದರಿದವರಲ್ಲ. ಒಂದು ಅಕ್ಷರಕ್ಕೆ ಹೆದರಿಸಿ ಕೂರಿಸಿದರು.

ನಾನು ಕೇಳುವುದು ದೊಡ್ಡದೇನಲ್ಲ. ಆ ಎರಡು ಲೈನಿಗೆ ನಂಬರು ಕೊಡಿ. ಆ ನಂಬರನ್ನು ಕಂಬಕಂಬಕ್ಕೆ ಬಣ್ಣದಲ್ಲಿ ಬರೆಸಿ. ಕೇಳುವವನು ನಂಬರು ಹೇಳಲಿ, ಕೊಡುವವನು ಅದನ್ನೇ ತಿರುಗಿ ಹೇಳಲಿ. ಸ್ಕ್ರೀನಿನಲ್ಲಿ ಬೆಟ್ಟದ್ದು, ಕೆರೆಯದ್ದು ಅಂತಲೇ ಬರೆಯಲಿ, ಗಂಟೇನು ಹೋಗುತ್ತದೆ? ಅದಕ್ಕಿಂತ ಮೊದಲು, ಹೆಸರಿನ ಪಟ್ಟಿಯೇ ತಪ್ಪು, ಲೈನ್‌ಮನ್ನಿನ ಬಾಯಲ್ಲ ಅಂತ ನೀನು ಇಂಜಿನಿಯರಾಗಿ ಬರೆದು ಸಹಿ ಹಾಕಿ ಕಳಿಸು. ಭಾವನಿಗಾಗಿ ಸುಳ್ಳು ಬರೆ ಅನ್ನುತ್ತಿಲ್ಲ. ನಿಜವಾದ ಒಂದು ಸಾಲು ಸಾಕು.

ಸಿಟ್ಟಿನಲ್ಲಿ ಏನೇನೋ ಬರೆದಿದ್ದೇನೆ, ಅಕ್ಕನಲ್ಲದೆ ಇನ್ನಾರು ಬೈಯಬೇಕು ನಿನ್ನನ್ನು. ಹೊತ್ತಿಗೆ ಸರಿಯಾಗಿ ಊಟ ಮಾಡು. ಚಂದ್ರಮತಿಗೆ ನೆನಪು ಹೇಳು, ಮಗುವಿಗೆ ನನ್ನ ಮುದ್ದು. ಅವ್ವ ನಿನಗೆ ಒಳ್ಳೆಯದಾಗಲಿ ಅಂದಳು. ಯುಗಾದಿಗೆ ಎಲ್ಲರೂ ಬಂದರೆ ಸಂತೋಷ.

ನಿನ್ನ ಅಕ್ಕ,
ಶಿವರುದ್ರಮ್ಮ

ತಾ.ಕ.: ಅಂಟು ಹಚ್ಚಿದವಳು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ನೋಟಿಸಿನ ಜೊತೆ ಬಂದ ಹಾಳೆ ಆರು. ನಿನ್ನ ಭಾವನಿಗೆ ನಾನು ಕೊಟ್ಟಿದ್ದು ಐದು. ಆರನೆಯದು ಇಂಗ್ಲಿಷಿನಲ್ಲಿದೆ, ನಿಮ್ಮ ಕಂಪನಿಯ ತಾಂತ್ರಿಕ ಅಭಿಪ್ರಾಯ. ರಮ್ಯ ಓದಿ ಅರ್ಥ ಹೇಳಿದಳು: ಯಂತ್ರದಲ್ಲಿ ದೋಷವಿಲ್ಲ, ಹೆಸರಿನ ಪಟ್ಟಿಯಲ್ಲಿ ದೋಷವಿಲ್ಲ, ಸ್ಥಳದಲ್ಲಿದ್ದ ಸಿಬ್ಬಂದಿಯದೇ ತಪ್ಪು. ಕೆಳಗೆ ನಿನ್ನ ಸಹಿ. ಸಿಬ್ಬಂದಿಯ ಹೆಸರು ಅದರಲ್ಲಿ ಇಲ್ಲ, ಯಾರೆಂದು ತಿಳಿಯದೆ ಹಾಕಿದೆ ಅಂತಲೇ ನಂಬಿದ್ದೇನೆ. ಆ ಹಾಳೆಯನ್ನು ರಾಗಿ ಡಬ್ಬದಲ್ಲಿ ಬಚ್ಚಿಟ್ಟಿದ್ದೇನೆ. ಭಾವ ನಿನ್ನ ಮೇಲೆ ಸಿಟ್ಟಾಗುತ್ತಾರೆ ಅಂತ ಅಲ್ಲ ಕಣೋ. ಅದನ್ನು ನೋಡಿದರೆ ಅವರು, "ನಮ್ ಸ್ವಾಮಿ ಬರ್ದವ್ನೆ ಅಂದ್ಮೇಲೆ ತಪ್ಪು ನಂದೇ ಇರ್ಬೇಕು ಬುಡು" ಅಂದು ಪೆನ್ನು ಕೇಳುತ್ತಾರೆ.