ಮೂಗಿಗೆ ಹಿಡಿದ ತುಪ್ಪುಳು

ಮನೆಯಿಂದ,
ಹದಿನಾಲ್ಕನೇ ತಾರೀಖು, ಮಂಗಳವಾರ

ಪ್ರೀತಿಯ ಮಗಳೇ,

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಇಲ್ಲ ಹಾಸ್ಟೆಲಿನ ಮಕ್ಕಳೆಲ್ಲ ಉಂಡೆದ್ದ ಮೇಲೆ ತಟ್ಟೆಯ ಮುಂದೆ ತೂಕಡಿಸುತ್ತೀಯೋ? ವಾರ್ಡನ್ ಆದವಳು ಮೊದಲು ಉಣ್ಣಬೇಕು. ಹಸಿದವಳ ಗದರಿಕೆಗೆ ಯಾರೂ ಹೆದರುವುದಿಲ್ಲ. ಇಲ್ಲಿ ನಿನ್ನ ಅಣ್ಣ, ಅತ್ತಿಗೆ ಕ್ಷೇಮ. ನಾನೂ ಕ್ಷೇಮ ಎಂದು ಬರೆಯಹೊರಟು ಪೆನ್ನು ನಿಲ್ಲಿಸಿದೆ. ಫೋನಿನಲ್ಲಿ ಹೇಳೋಣವೆಂದರೆ ಒಂದು ವಾಕ್ಯವೂ ಪೂರ್ತಿಯಾಗುವುದಿಲ್ಲ. ಕಾಗದವಾದರೆ ನಿಂತು ನಿಂತು ಬರೆಯಬಹುದು.

ವಿಷಯ ಉಸಿರಿನದು. ಮೊದಮೊದಲು ಮೆಟ್ಟಿಲು ಹತ್ತಿದರೆ ಮಾತ್ರ ಏದುಸಿರು ಬರುತ್ತಿತ್ತು. ವಯಸ್ಸು ಎಂದು ಸುಮ್ಮನಾದೆ. ಆಮೇಲೆ ತಲೆ ಬಾಚಲು ಕೈ ಎತ್ತಿದರೂ ಸುಸ್ತು. ನಮ್ಮ ದಿಂಬಿನ ಕಾರ್ಖಾನೆಯಲ್ಲಿ ಹೊಲಿಯುವ ಹೆಂಗಸರನ್ನು ಗದರಿದರೆ ಅರ್ಧ ಮಾತಿಗೇ ಗಾಳಿ ಮುಗಿಯುತ್ತಿತ್ತು. ಅವರು ಸೂಜಿ ಕೆಳಗಿಟ್ಟು ಉಳಿದರ್ಧಕ್ಕೆ ಕಾಯುತ್ತಿದ್ದರು. ಅದಕ್ಕಿಂತ ಅವಮಾನ ಬೇಕೆ? ಬೀದಿ ಕೊನೆಯ ಡಾಕ್ಟರು ಅಸ್ತಮಾ ಎಂದು ಬಾಯಿಗೆ ಹೊಡೆದುಕೊಳ್ಳುವ ಪಂಪು ಕೊಟ್ಟರು. ನೆಟ್ಟಗೆ ಮಲಗಿದರೆ ಎದೆಯ ಮೇಲೆ ಯಾರೋ ಕೂತ ಹಾಗಾಗುತ್ತಿತ್ತೆಂದು ನಮ್ಮದೇ ತುಪ್ಪುಳಿನ ದಿಂಬುಗಳಲ್ಲಿ ಒಳ್ಳೆಯದನ್ನು ಆರಿಸಿ ಬೆನ್ನಿಗೆ ಕೊಟ್ಟುಕೊಂಡೆ. ಸಾಲಲಿಲ್ಲ, ಇನ್ನೊಂದು. ಆಮೇಲೆ ಮತ್ತೊಂದು. ನಮ್ಮ ಕೈಯ ದಿಂಬಿರುವಾಗ ನನಗೇನು ಕೊರತೆ ಎಂಬ ಜಂಬ ಬೇರೆ. “ನಮ್ಮತ್ತೆ ಮಹಾರಾಣಿ, ಹಂಸತೂಲಿಕಾ ತಲ್ಪ ಇಲ್ದೆ ನಿದ್ದೆ ಬರಲ್ಲ” ಎಂದು ನಿನ್ನ ಅತ್ತಿಗೆ ನಕ್ಕಳು. ನನಗೂ ನಗು ಬಂತು, ನಗಲು ಉಸಿರು ಸಾಲಲಿಲ್ಲ. ಬೆಳಿಗ್ಗೆ ಎದ್ದರೆ ಹಿಂದಿನ ದಿನಕ್ಕಿಂತ ಕಷ್ಟ.

ಹೋದ ವಾರ ನನ್ನ ತುಟಿ ನೀಲಿಯಾದದ್ದನ್ನು ಅವಳು ನೋಡಿಬಿಟ್ಟಳು. ನನ್ನನ್ನು ಕೇಳದೆ ಗಾಡಿ ಕರೆಸಿದಳು. ಈ ಮನೆಯಲ್ಲಿ ನನ್ನನ್ನು ಕೇಳದೆ ನಡೆದ ಮೊದಲ ಕೆಲಸ ಅದು. ದೊಡ್ಡ ಆಸ್ಪತ್ರೆಯಲ್ಲಿ ನನ್ನನ್ನು ಗಾಜಿನ ಪೆಟ್ಟಿಗೆಯಂಥದ್ದರೊಳಗೆ ಕೂರಿಸಿ, ಮೂಗಿಗೆ ಕ್ಲಿಪ್ಪು ಹಾಕಿ, ಬಾಯಿಗೆ ಕೊಳವೆ ಕೊಟ್ಟರು. “ಊದಿ ಅಜ್ಜಿ, ಇನ್ನೂ, ಇನ್ನೂ” ಎನ್ನುತ್ತಿದ್ದಳು ಯಂತ್ರದ ಹುಡುಗಿ. ಊದಲು ಇರಬೇಕಲ್ಲ. ಬಾಗಿಲು ಮುಚ್ಚಿದಾಗ ನನಗೆ ದೇವರ ನೆನಪೂ ಬರಲಿಲ್ಲ, ನಿನ್ನಪ್ಪನ ನೆನಪೂ ಬರಲಿಲ್ಲ. ಗಾಜಿನಾಚೆ ನಿಂತಿದ್ದ ಸೊಸೆಯ ಮುಖವನ್ನೇ ಹಿಡಿದುಕೊಂಡು ಕೂತೆ.

ಡಾಕ್ಟರು ನಿನ್ನ ವಯಸ್ಸಿನವಳು. ಏನು ಕೆಲಸ, ಧೂಳಿದೆಯೇ ಎಂದು ಕೇಳಿದಳು. ನಮ್ಮಲ್ಲಿ ಧೂಳಿಗೆ ಪ್ರವೇಶವಿಲ್ಲ, ಎರಡು ಹೊತ್ತೂ ನೆಲ ಒರೆಸುತ್ತೇವೆ ಎಂದೆ. ಅದು ನಿಜವೇ ತಾನೆ? ಧೂಳೆಂದರೆ ಬೀದಿಯಿಂದ ಬರುವುದು. ಬಾತುಕೋಳಿಯ ತುಪ್ಪುಳನ್ನು ನಮ್ಮವರಲ್ಲಿ ಯಾರಾದರೂ ಧೂಳೆನ್ನುತ್ತಾರೆಯೇ? ಆಗ ನಿನ್ನ ಅತ್ತಿಗೆ, “ಅತ್ತೆ, ಮೂಟೆ ಮೂಸೋದು ಹೇಳಿ” ಎಂದಳು. ದುರುಗುಟ್ಟಿ ನೋಡಿದೆ. ತಲೆ ತಗ್ಗಿಸಲಿಲ್ಲ ಅವಳು. “ಡಾಕ್ಟ್ರೇ, ತೊಳೆದು ಒಣಗಿಸಿದ ತುಪ್ಪುಳಿನ ಒಂದೊಂದು ಮೂಟೆಗೂ ಇವರು ಮುಖ ಇಟ್ಟು ಮೂಸ್ತಾರೆ. ಮುಗ್ಗಲು ವಾಸನೆ ಬಂದ್ರೆ ವಾಪಸ್. ಮಲಗೋದೂ ಅದೇ ತುಪ್ಪುಳಿನ ಮೇಲೆ.” ಡಾಕ್ಟರು ಬರೆಯುವುದನ್ನು ನಿಲ್ಲಿಸಿದಳು. ಹಕ್ಕಿಯ ಪುಕ್ಕದಿಂದ ಉದುರುವ ಹುಡಿ ಕಣ್ಣಿಗೆ ಕಾಣುವುದಿಲ್ಲವಂತೆ. ಅದು ಒಳಗೆ ಹೋಗಿ ಹೋಗಿ ಶ್ವಾಸಕೋಶ ಊದಿಕೊಂಡಿದೆಯಂತೆ. ಬರೀ ಊತವಾದರೆ ಮದ್ದಿಗೆ ಇಳಿಯುತ್ತದೆ. ಗಟ್ಟಿ ಕಟ್ಟಿ ಕಲೆಯಾಗಿದ್ದರೆ ಮತ್ತೆ ಮೊದಲಿನಂತಾಗುವುದಿಲ್ಲ. ಯಾವುದೆಂದು ಸ್ಕ್ಯಾನ್ ನೋಡಿ ಶುಕ್ರವಾರ ಹೇಳುತ್ತಾಳೆ. ಕಾರ್ಖಾನೆಗೆ ಯಾವಾಗ ಹೋಗಲಿ ಎಂದು ಕೇಳಿದ್ದಕ್ಕೆ, “ಇನ್ನು ಆ ಬಾಗಿಲು ದಾಟೋ ಹಾಗಿಲ್ಲಮ್ಮ” ಎಂದಳು.

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು? ದಿಂಬುಗಳನ್ನೆಲ್ಲ ಹೊರಗೆ ಹಾಕಿಸಿದ್ದೇನೆ. ಕುರ್ಚಿಯಲ್ಲಿ ಕೂತು ಗೋಡೆಗೆ ತಲೆಯಾನಿಸಿ, ಹೋದ ಉಸಿರು ತಿರುಗಿ ಬರುತ್ತದೆಯೇ ಎಂದು ಕಾಯುತ್ತೇನೆ. ಹೆದರಿದ್ದೇನೆ, ಮಗಳೇ. ಈ ಪದವನ್ನು ನನ್ನ ಬಗ್ಗೆ ಎಂದೂ ಬರೆದವಳಲ್ಲ. ಬರೆದು ನೋಡಿದರೆ ಬೇರೆಯವರ ಅಕ್ಷರದಂತೆ ಕಾಣುತ್ತದೆ. ಅಮ್ಮನ ಮೂಗು ಇರುವುದು ತಂಗಿಗೊಬ್ಬಳಿಗೇ, ಅವಳನ್ನು ಕರೆಸಿ ಮೂಟೆಯ ಮುಂದೆ ಕೂರಿಸೋಣ ಎನ್ನುತ್ತಿದ್ದಾನೆ ನಿನ್ನ ಅಣ್ಣ. ನಿನಗೂ ಬರೆಯುತ್ತಾನಂತೆ.

ನಿನ್ನ ಸುಪರ್ದಿನ ಮಕ್ಕಳೆಲ್ಲ ಚೆನ್ನಾಗಿರಲಿ. ನಿನಗೆ ನನ್ನ ಆಯುಸ್ಸೂ ಸೇರಿ ಬರಲಿ.

ನಿನ್ನ,
ಅಮ್ಮ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಕೈ ಬರಲಿಲ್ಲ. ನೀನು ನಡೆಯಲು ಕಲಿಯುವ ಮೊದಲೇ ಆ ಮೂಟೆಗಳ ಮೇಲೆ ಮಲಗಿ ಬೆಳೆದವಳು. ಹೋದ ರಜೆಯಲ್ಲಿ ಬಂದಾಗ ನೀನು ಮೆಟ್ಟಿಲಿನ ನಡುವೆ ಚಪ್ಪಲಿ ಸರಿಮಾಡಿಕೊಳ್ಳುವವಳಂತೆ ಬಗ್ಗಿ ನಿಂತೆ. ಆ ನಾಟಕ ನನಗೆ ಗೊತ್ತು, ನಾನೂ ಹಾಗೇ ಬಗ್ಗುತ್ತಿದ್ದೆ. ಅಣ್ಣ ಕರೆದರೆ ಬರಬೇಡ. ಕಾರ್ಖಾನೆ ಮುಚ್ಚಿದರೆ ಮುಚ್ಚಲಿ. ನಿನ್ನ ತಲೆಯಡಿಯ ನಮ್ಮ ದಿಂಬನ್ನು ಈಗಲೇ ಹೊರಗೆ ಹಾಕು. ನಾಳೆಯೇ ಡಾಕ್ಟರ ಹತ್ತಿರ ಹೋಗು. ಅದಕ್ಕೂ ಮೊದಲು ನನಗೆ ಫೋನು ಮಾಡು. ನಾನು ಮಾತಾಡಲಾರೆ, ನೀನೇ ಏನಾದರೂ ಹೇಳುತ್ತಿರು, ನಿಲ್ಲಿಸದೆ. ನಿನ್ನ ಉಸಿರು ಎಲ್ಲಿ ಕಡಿಯುತ್ತದೆ ಎಂದು ಕೇಳಬೇಕು ನಾನು.